ಹೊಸದೆಂದು ತುಂಬಿದ ಹಳೇ ರೆಸಿನ್: ಬೆಟಗೇರಿಯಿಂದ ಒಂದು ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು, ಪ್ರಧಾನ ಕಚೇರಿ, ಬೆಂಗಳೂರು
(ಪ್ರತಿ: ಹುಬ್ಬಳ್ಳಿ ಶಾಖೆಯ ಸರ್ವಿಸ್ ಮ್ಯಾನೇಜರ್ ಅವರಿಗೆ, ಓದಲು ಪುರುಸೊತ್ತಿದ್ದರೆ)

ವಿಷಯ: ವಾರ್ಷಿಕ ನಿರ್ವಹಣಾ ಕರಾರಿನಡಿ ನಮ್ಮ ವಾಟರ್ ಸಾಫ್ಟನರ್‌ಗೆ ಬಳಸಿ ಬಿಟ್ಟ ರೆಸಿನ್ (ನೀರಿನ ಗಡಸುತನ ಹಿಡಿದಿಡುವ ಕಾಳು) ತುಂಬಿ ಹೊಸದರ ಬಿಲ್ ಮಾಡಿದ್ದು ಹಾಗೂ ಕೇಳಲು ಹೋದ ನನ್ನನ್ನು ಕಳ್ಳನಂತೆ ಕಂಡದ್ದು.

ಮಾನ್ಯರೆ,

ಫೋನಿನಲ್ಲಿ ಸಮಾಧಾನದಿಂದ ಹೇಳುವಷ್ಟು ಹೇಳಿ ಆಯಿತು. ಪ್ರತಿ ಸಲವೂ ಹೊಸ ಹುಡುಗಿ, ಹೊಸ ದೂರು ಸಂಖ್ಯೆ, ‘ನಿಮ್ಮ ಕರೆ ನಮಗೆ ಅಮೂಲ್ಯ’. ಇನ್ನು ಮಾತೆಲ್ಲ ಕಾಗದದಲ್ಲಿ, ಸ್ಪೀಡ್ ಪೋಸ್ಟ್ ರಸೀದಿ ಸಮೇತ.

ನಾನು ಬೆಟಗೇರಿಯಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕಿಕೊಡುವವನು. ನಾನು, ನನ್ನ ಹೆಂಡತಿ, ನನ್ನ ತಮ್ಮ, ಇಷ್ಟೇ ನಮ್ಮ ಕಾರ್ಖಾನೆ. ನಲ್ಲಿಗೆ ಹೊಳೆ ನೀರು ಯಾವಾಗ ಬರುತ್ತದೆಂದು ಪಂಚಾಂಗ ನೋಡುವವರಿಗೂ ಹೇಳಲಾಗದ ಓಣಿ ನಮ್ಮದು, ಹಾಗಾಗಿ ಬಣ್ಣದ ಕೆಲಸವೆಲ್ಲ ಬೋರ್ ನೀರಿನ ಮೇಲೆ. ಆ ನೀರಿನ ಗಡಸುತನ (ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ) ಲೀಟರಿಗೆ 620 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಇಟ್ಟಿರುವ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 600. ನಮ್ಮದು ಎರಡನ್ನೂ ದಾಟಿದೆ. ಇಂಥ ನೀರಿನಲ್ಲಿ ರಿಯಾಕ್ಟಿವ್ ಬಣ್ಣ ಕಲಸಿ, ಬಣ್ಣ ಹಿಡಿಸಲು ಸೋಡಾ ಆಶ್ ಬಿಟ್ಟರೆ ಕ್ಯಾಲ್ಸಿಯಂ ಎಲ್ಲ ಕಾರ್ಬೊನೇಟ್ ಆಗಿ ನೂಲಿನ ಲಡಿಯ ಮೇಲೆ ಕೂರುತ್ತದೆ. ಒಂದೇ ಲಡಿಯಲ್ಲಿ ಇಲ್ಲಿ ಕಡುಗೆಂಪು, ಅಲ್ಲಿ ಮಾಸಲು. ಸೀರೆ ದಡಿಗೆ ಅಂಥ ನೂಲನ್ನು ಯಾವ ನೇಕಾರನೂ ಮುಟ್ಟುವುದಿಲ್ಲ. ನಿಮ್ಮ ಸಾಫ್ಟನರ್ ತೆಗೆದುಕೊಂಡದ್ದು ಇದಕ್ಕೆ, ಮನೆಯ ಅಂದಕ್ಕಲ್ಲ.

ಮಾರುವಾಗ ಬಂದಿದ್ದ ನಿಮ್ಮ ಪ್ರತಿನಿಧಿ ಇನ್ನೂ ಒಂದು ಮಾತು ಹೇಳಿದ್ದರು: ‘ಗದಗ ಜಿಲ್ಲೆಯ ಫ್ಲೋರೈಡೂ ಇದರಾಗ ಹೋಗಿಬಿಡ್ತೈತಿ, ಕುಡಿಯಾಕೂ ಆಗ್ತೈತಿ.’ ಸಾಫ್ಟನರ್ ರೆಸಿನ್ ಹಿಡಿಯುವುದು ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಧನ ಅಯಾನುಗಳನ್ನು (ಧನ ವಿದ್ಯುದಂಶದ ಕಣಗಳನ್ನು). ಫ್ಲೋರೈಡ್ ಋಣ ಅಯಾನು. ಅದು ಬಂದ ಹಾಗೆಯೇ ಹೊರಗೆ ಹೋಗುತ್ತದೆ, ಜೊತೆಗೆ ಸೋಡಿಯಂ ಬೇರೆ ಸೇರಿಕೊಳ್ಳುತ್ತದೆ. ನಾವು ಅದನ್ನು ಕುಡಿಯಲಿಲ್ಲ, ದೇವರ ದಯೆ. ಇದು ಈ ದೂರಿನ ಮುಖ್ಯ ವಿಷಯವಲ್ಲ, ಆದರೆ ನಿಮ್ಮಲ್ಲಿ ಸುಳ್ಳು ಎಲ್ಲಿಂದ ಶುರುವಾಗುತ್ತದೆಂದು ಗೊತ್ತಿರಲಿ.

ಮುಖ್ಯ ವಿಷಯ ರೆಸಿನ್. ನಿಮ್ಮ ಕರಾರಿನಲ್ಲಿ ನೀವೇ ಬರೆದದ್ದಿದೆ: ರೆಸಿನ್ ಬದಲಿಸುವಾಗ ತಯಾರಕರ ಸೀಲ್ ಇರುವ ಚೀಲವನ್ನು ಗ್ರಾಹಕರೆದುರು ಒಡೆಯಬೇಕು, ಬ್ಯಾಚ್ ಸಂಖ್ಯೆ ಬರೆದುಕೊಡಬೇಕು, ಮೊದಲು ಮತ್ತು ನಂತರ ಗಡಸುತನದ ಪರೀಕ್ಷೆ ಮಾಡಿ ಸಹಿ ಪಡೆಯಬೇಕು. ಬಲು ಚಂದದ ನಿಯಮ. ನಿಮ್ಮ ಹುಡುಗರು ಬಂದದ್ದು ನಾನಿಲ್ಲದ ಹೊತ್ತಿನಲ್ಲಿ. ತಂದದ್ದು ಸುತಳಿಯಿಂದ ಕೈಹೊಲಿಗೆ ಹಾಕಿದ ಬಿಳಿ ಚೀಲ, ಅದರ ಮೇಲೆ ಒಂದು ಅಕ್ಷರವೂ ಇಲ್ಲ. ಬಿಲ್ಲಿನಲ್ಲಿ 25 ಲೀಟರಿನ ನಾಲ್ಕು ಚೀಲ. ನನ್ನ ತಮ್ಮ ನೋಡಿದ್ದು ಮೂರು. ಪರೀಕ್ಷೆ ಮಾಡ್ರಿ ಎಂದಾಗ ಅವನಿಗೆ ಸಿಕ್ಕ ಉತ್ತರ, ‘ಕಿಟ್ ಹುಬ್ಬಳ್ಯಾಗ ಐತಿ.’

ರೆಸಿನ್ ಹಿಡಿದ ಗಡಸುತನ ಬಿಡಿಸಲು ಅದನ್ನು ಉಪ್ಪುನೀರಿನಲ್ಲಿ ತೊಳೆಯಬೇಕು. ಹಾಗೆ ತೊಳೆದ ಕೂಡಲೇ ಹಿಡಿದ ನೀರಿನ ಗಡಸುತನ, ಪ್ರಯೋಗಾಲಯದ ವರದಿಯ ಪ್ರಕಾರ, 410. ಹೊಸ ರೆಸಿನ್ ಆದರೆ ಒಂದಂಕಿಗೆ ಇಳಿಯಬೇಕಿತ್ತು. ನಿಮ್ಮ ಪುಸ್ತಿಕೆಯೇ ಒಂದು ಲೀಟರ್ ರೆಸಿನ್ 55 ಗ್ರಾಂ ಗಡಸುತನ ಹಿಡಿಯುತ್ತದೆ ಎನ್ನುತ್ತದೆ. ನೂರು ಲೀಟರಿಗೆ ಐದೂವರೆ ಕಿಲೋ. 620ರ ನೀರಾದರೆ ಒಂದು ತೊಳೆತಕ್ಕೆ ಸುಮಾರು 8,800 ಲೀಟರ್ ಮೆದು ನೀರು ಬರಬೇಕು. ನನಗೆ ಮೊದಲ ಕೊಡವೂ ಬರಲಿಲ್ಲ. ಬಂದದ್ದು ರೆಸಿನ್ನೇ. ಕಾಳು ತಡೆಯುವ ಒಳಗಿನ ಜಾಲರಿ (ಸ್ಟ್ರೇನರ್) ಒಡೆದು, ಬನ್ಸಿ ರವೆಯಂಥ ಕಾಳುಗಳು ಬಣ್ಣದ ತೊಟ್ಟಿಗೆ ಇಳಿದು ಹಸಿ ಲಡಿಗಳಲ್ಲಿ ಸಿಕ್ಕಿಕೊಂಡವು. ಅವನ್ನು ಹೆಕ್ಕುತ್ತ ಕೂತವಳು ನನ್ನ ಹೆಂಡತಿ, ನಿಮ್ಮ ಇಂಜಿನಿಯರ್ ಅಲ್ಲ.

ಆ ಕಾಳುಗಳನ್ನು ಬಿ.ಎಸ್ಸಿ. ಓದುವ ನನ್ನ ಅಕ್ಕನ ಮಗ ನೋಡಿದ. ಹೊಸ ರೆಸಿನ್ ಜೇನಿನ ಬಣ್ಣದ್ದು, ದುಂಡಗಿರುತ್ತದೆ, ಬೆರಳಲ್ಲಿ ಒತ್ತಿದರೆ ಬಗ್ಗುವುದಿಲ್ಲ. ಪ್ಲಾಸ್ಟಿಕ್ಕಿನ ಸ್ಟೈರೀನ್ ಸರಪಳಿಗಳನ್ನು ಡೈವಿನೈಲ್ ಬೆಂಜೀನ್ ಎಂಬ ರಾಸಾಯನಿಕ ಹೊಲಿದು ಹಿಡಿದಿರುವುದರಿಂದ ಆ ಗಟ್ಟಿತನ. ನಮ್ಮ ಸಿಲಿಂಡರಿನದು ಕಂದು ಬಣ್ಣಕ್ಕೆ ತಿರುಗಿತ್ತು, ಅರ್ಧ ಒಡೆದ ಚೂರು, ಉಳಿದದ್ದು ಒತ್ತಿದರೆ ಮೆತ್ತಗೆ. ಒಂದು ಚಮಚೆ ತೆಗೆದು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದಾಗ ದ್ರವ ಹಳದಿಯಾಯಿತು. ಅದು ಕಬ್ಬಿಣ. ನಮ್ಮ ಬೋರ್ ನೀರಿನ ವರದಿಯಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ರೆಸಿನ್ ಮೆತ್ತಗಾಗುವುದು ಬಹಳ ಕಾಲ ಕ್ಲೋರಿನ್ ಕುಡಿದರೆ. ನಮ್ಮ ಬೋರಿಗೆ ಕ್ಲೋರಿನ್ ಹಾಕಿದವರು ಯಾರೂ ಇಲ್ಲ. ಅಂದರೆ ಈ ರೆಸಿನ್ ನಮ್ಮಲ್ಲಿಗೆ ಬರುವ ಮೊದಲು ಬೇರೆ ಯಾವುದೋ ಊರಿನ ಕ್ಲೋರಿನ್ ನೀರಿನಲ್ಲಿ, ತುಕ್ಕು ಹಿಡಿದ ಪೈಪಿನ ಕೆಳಗೆ ದುಡಿದು ನಿವೃತ್ತಿಯಾದದ್ದು. ‘ನೀವು ನೂಲಿಗೆ ಬ್ಲೀಚ್ ಮಾಡ್ತೀರಲ್ಲ’ ಎಂದರು ನಿಮ್ಮವರು. ಬ್ಲೀಚಿನ ತೊಟ್ಟಿ ಸಾಫ್ಟನರ್ ಆದ ಮೇಲೆ ಬರುತ್ತದೆ ಸ್ವಾಮಿ. ಬೆಟಗೇರಿಯಲ್ಲಿ ನೀರು ಇನ್ನೂ ಹಿಮ್ಮುಖ ಹರಿಯಲು ಕಲಿತಿಲ್ಲ.

ಇಷ್ಟನ್ನೂ ಹೇಳೋಣವೆಂದೇ ಎರಡು ಬಾಟಲಿ ನೀರು ಹಿಡಿದು, ಬಸ್ ಹತ್ತಿ ನಿಮ್ಮ ಹುಬ್ಬಳ್ಳಿ ಶಾಖೆಗೆ ಹೋದೆ. ಒಂದರ ಮೇಲೆ ‘ಬೋರ್’, ಇನ್ನೊಂದರ ಮೇಲೆ ‘ಸಾಫ್ಟ್’ ಎಂದು ಚೀಟಿ ಅಂಟಿಸಿದ್ದೆ. ಮ್ಯಾನೇಜರ್ ಸಾಹೇಬರೆದುರು ಮೂರು ಕುರ್ಚಿ. ಎರಡರಲ್ಲಿ ಯಾವುದೋ ಹೋಟೆಲ್ ಮಾಲಕರು ಕೂತಿದ್ದರು. ಮೂರನೆಯದರ ಮೇಲೆ ಸಾಹೇಬರ ಹೆಲ್ಮೆಟ್ಟಿತ್ತು. ಅದನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ನಿಂತೇ ಮಾತಾಡಿದೆ. ಚಹಾ ಬಂತು, ಮೂರು ಕಪ್ಪು. ಹುಡುಗ ನನ್ನನ್ನು ನೋಡಿ ಸಾಹೇಬರನ್ನು ನೋಡಿದ. ಅವರು ಕಣ್ಣಲ್ಲೇ ಬೇಡವೆಂದರು.

‘ಏನ್ರಿ ಸಾವ್ಕಾರ್ರ, ಉಪ್ಪು ಹಾಕೀರೇನು?’
‘ಹಾಕೇನ್ರಿ. ನಿಮ್ಮ ಹುಡುಗರು ಹೇಳಿದಷ್ಟ, ಹದಿನೈದು ಕಿಲೋ.’
‘ಕಲ್ಲುಪ್ಪೋ, ಅಡಗಿ ಉಪ್ಪೋ?’
‘ನೀವ ಮಾರಿದ್ದ ರಿ.’

ಹೋಟೆಲ್‌ನವರು ನಕ್ಕರು. ಅದು ಸಾಹೇಬರಿಗೆ ಹಿಡಿಸಲಿಲ್ಲ. ಖಾನೆಯಿಂದ ಪೆನ್ನಿನಂಥ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವುದು) ತೆಗೆದು ಮೊದಲು ‘ಬೋರ್’ ಬಾಟಲಿಗೆ ಅದ್ದಿದರು. 1180. ಪ್ಯಾಂಟಿಗೆ ಒರೆಸಿ (ಇದನ್ನು ನಾನು ಕಣ್ಣಾರೆ ನೋಡಿದ್ದೇನೆ) ‘ಸಾಫ್ಟ್’ ಬಾಟಲಿಗೆ ಅದ್ದಿದರು. 1190. ಮೀಟರನ್ನು ಹೋಟೆಲ್‌ನವರ ಕಡೆ ತಿರುಗಿಸಿ ಹಿಡಿದು ಹೇಳಿದರು: ‘ನೋಡ್ರಿ, ಒಂದ ನೀರ ಎರಡು ಬಾಟ್ಲಿಗೆ ತುಂಬ್ಕೊಂಡ ಬಂದಾರ. ಕಂಪನಿ ಕಡೆ ರೊಕ್ಕ ಹೊಡಿಯಾಕ ದಿನಾ ಇಂಥವ್ರು ಬರ್ತಾರ.’

ನಾನು ಸೋಪಿನ ನೊರೆ ನೋಡೋಣ, ಇಲ್ಲವೇ ಗಡಸುತನದ ಕಿಟ್ ತರಿಸಿ ಎಂದೆ. ‘ಎಲ್ಲೀಮಟಾ ಓದೀರಿ?’ ಎಂದರು. ಎಸ್ಸೆಸ್ಸೆಲ್ಸಿ ಎಂದೆ. ‘ಅದಕ್ಕ ಹಿಂಗಾಗೇತಿ’ ಎಂದು ನನ್ನ ಎರಡೂ ಬಾಟಲಿಯನ್ನು ಎತ್ತಿ ಕಸದ ಬುಟ್ಟಿಯ ಪಕ್ಕ ಇಡಿಸಿದರು.

ಮಾನ್ಯರೆ, ಸಾಫ್ಟನರ್ ಉಪ್ಪಿನಂಶ ತೆಗೆಯುವುದಿಲ್ಲ, ಅದಲುಬದಲು ಮಾಡುತ್ತದೆ. ಕ್ಯಾಲ್ಸಿಯಂ ಒಳಗೆ, ಸೋಡಿಯಂ ಹೊರಗೆ. ಆದ್ದರಿಂದ ಅತ್ಯುತ್ತಮ ಸಾಫ್ಟನರಿನ ನೀರಿಗೂ ಬೋರ್ ನೀರಿಗೂ ಟಿಡಿಎಸ್ ಹೆಚ್ಚುಕಡಿಮೆ ಒಂದೇ ಇರುತ್ತದೆ. ಅಂದಮೇಲೆ ನಿಮ್ಮ ಮ್ಯಾನೇಜರ್ ಲೆಕ್ಕದಲ್ಲಿ ನಿಮ್ಮ ಯಂತ್ರ ಸರಿಯಾಗಿ ನಡೆದ ಗ್ರಾಹಕರೆಲ್ಲರೂ ಕಳ್ಳರೇ. ಗಡಸುತನಕ್ಕೆ ಬೇರೆಯೇ ಪರೀಕ್ಷೆ ಇದೆ: ಬಫರ್ ದ್ರಾವಣ ಹಾಕಿ ಬಣ್ಣದ ಸೂಚಕ ಬಿಟ್ಟರೆ ಗಡಸು ನೀರು ದ್ರಾಕ್ಷಿಗೆಂಪು, ಮೆದು ನೀರು ನೀಲಿ. ಬಣ್ಣ ಗುರುತಿಸುವುದು ನಮ್ಮ ಕಸುಬು, ಅದರಲ್ಲಿ ನಮಗೆ ಮೋಸ ಮಾಡಲು ಬರಬೇಡಿ. ಹೀಗೆ ಅಯಾನು ಅದಲುಬದಲು ಮಾಡುವ ಕೃತಕ ರೆಸಿನ್ನನ್ನು ಇಂಗ್ಲೆಂಡಿನ ವಿಜ್ಞಾನಿಗಳಾದ ಆಡಮ್ಸ್ ಮತ್ತು ಹೋಮ್ಸ್ 1935ರಲ್ಲೇ ಮಾಡಿ ತೋರಿಸಿದರು. ವಿದ್ಯುತ್ ಸ್ಥಾವರದ ಬಾಯ್ಲರಿನ ನೀರಿಗೆ ಇದೇ ಕುಲದ ಕಾಳು. ರಕ್ತದಲ್ಲಿ ಪೊಟ್ಯಾಸಿಯಂ ಏರಿದ ರೋಗಿಗೆ ಕೊಡುವ ಪುಡಿಯೂ ಇದರ ದಾಯಾದಿಯೇ. ಅಲ್ಲಿಗೆ ನಿಮ್ಮ ಶಾಖೆಯಿಂದ ಸರಬರಾಜು ಇಲ್ಲದಿದ್ದರೆ ಸಾಕು. ಇಷ್ಟು ವರ್ಷವಾದ ಮೇಲೂ ಈ ರೆಸಿನ್ ಮಾರಿ ಬದುಕುವ ಕಂಪನಿಯ ಮ್ಯಾನೇಜರಿಗೆ ಅದು ಏನು ಮಾಡುತ್ತದೆಂದು ಗೊತ್ತಿಲ್ಲ, ಎಸ್ಸೆಸ್ಸೆಲ್ಸಿಯವನು ಹೇಳಬೇಕಾಯಿತು.

ನನಗೆ ಬೇಕಾದದ್ದು ರೆಸಿನ್ನಿನ ಪೂರ್ತಿ ಹಣ, ಹೊಸ ಸ್ಟ್ರೇನರ್, ಕೆಟ್ಟ ನೂಲಿನ ಬೆಲೆ. ಬಿಲ್ಲುಗಳನ್ನೂ ವರದಿಗಳನ್ನೂ ಲಗತ್ತಿಸಿದ್ದೇನೆ. ಪತ್ರ ತಲುಪಿದ 15 ದಿನದೊಳಗೆ ಆಗಬೇಕು.

ಆಗುವುದಿಲ್ಲವೆಂದು ನಿಮ್ಮ ನಡತೆ ನೋಡಿಯೇ ಗೊತ್ತಾಗಿದೆ, ಆದ್ದರಿಂದ ಮುಂದಿನದನ್ನೂ ಬರೆದುಬಿಡುತ್ತೇನೆ. ‘ನಿಮ್ಮದು ವ್ಯಾಪಾರದ ಉದ್ದೇಶ, ನೀವು ಗ್ರಾಹಕರೇ ಅಲ್ಲ’ ಎಂದು ನಿಮ್ಮ ವಕೀಲರು ಹೇಳಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವವನು ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7)ನೇ ಕಲಮಿನ ವಿವರಣೆ ಹೇಳುತ್ತದೆ, ಓದಿಸಿ. ದೂರು ಕೊಡಲು ನಾನು ಬೆಂಗಳೂರಿಗೆ ಬರಬೇಕಾಗಿಲ್ಲ. ನಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು, ಬರಬೇಕಾದವರು ನೀವು. ಸಾಹೇಬರು ಹೆಲ್ಮೆಟ್ ತರಲಿ, ಇಡಲು ಅಲ್ಲಿ ಕುರ್ಚಿ ಇರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ನಮ್ಮ ಓಣಿಯಲ್ಲಿ ನಿಮ್ಮ ಸಾಫ್ಟನರ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರ ಸಿಲಿಂಡರುಗಳನ್ನೂ ತೆಗೆಸಿ, ಒಂದೊಂದು ಚಮಚೆ ಆಮ್ಲದಲ್ಲಿ ಹಾಕಿಸುತ್ತಿದ್ದೇವೆ. ನೇಕಾರರ ಸಂಘದ ಮುಂದಿನ ಸಭೆಗೆ ಬಾಟಲಿಗಳೊಂದಿಗೇ ಹೋಗುತ್ತೇನೆ.

ಕೊನೆಗೆ ಒಂದು ಮಾತು. ಈ ದೂರು ತಲುಪಿದ ಮೇಲೆ ನಿಮ್ಮವರು ಬಹಳ ವಿನಯದಿಂದ ‘ಹಳೇ ರೆಸಿನ್ ಒಯ್ದು ಹೊಸದು ಹಾಕ್ತೀವ್ರಿ’ ಎಂದು ಬರುತ್ತಾರೆ. ಹೊಸದು ಹಾಕಲಿ. ಹಳೆಯದನ್ನು ಮುಟ್ಟಗೊಡುವುದಿಲ್ಲ. ಅದು ಡ್ರಮ್ಮಿನಲ್ಲಿದೆ, ಬೀಗ ಹಾಕಿದೆ. ಮಾದರಿ ತೆಗೆದು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಅವರು ಕೇಳಿದರೆ ಅವರಿಗೆ ಕೊಡುತ್ತೇನೆ.

ಇಂತಿ,
ನಿಮ್ಮ ದಾಖಲೆಯಲ್ಲಿ ‘ದೂರು ಬಗೆಹರಿದಿದೆ’ ಎಂದು ನಮೂದಾಗಿರುವ ಗ್ರಾಹಕ
ಬೆಟಗೇರಿ, ಗದಗ