ಕರು ಬಿಟ್ಟರೇ ಹಾಲು

ಫ್ರಾನ್ಸಿನಲ್ಲಿರುವ ನಮ್ಮ ಕನ್ನಡಿಗರ ಪತ್ರಿಕೆಯ ದೀಪಾವಳಿ ಸಂಚಿಕೆ ನಾಳೆ ಬೆಳಿಗ್ಗೆ ಹೋಗಲೇಬೇಕು. ಉಳಿದ ಪುಟಗಳೆಲ್ಲ ಆಗಿವೆ, ಈ ಪುಟ ಮಾತ್ರ ಖಾಲಿ. ಗೋಪೂಜೆಯ ಬಗ್ಗೆ ನಾಲ್ಕು ಮಾತು ಬರೆಯೋಣ ಎಂದುಕೊಂಡಿದ್ದೆ. ಆದರೆ ಕನ್ನಡ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. "ಆಂಟಿ, ಬೆಟ್ಟದ ಮೇಲಿನ ಆ ಅಜ್ಜನ ಹಸುಗಳಿಗೆ ಪೂಜೆ ಯಾರು ಮಾಡ್ತಾರೆ?"

ಬೇಸಿಗೆ ಪ್ರವಾಸಕ್ಕೆ ಬಂದವರಿಗೆ ಆ ಅಜ್ಜ ನೆನಪಿರಬೇಕು, ಅಲ್ವಾ? ಬರಲಾಗದವರಿಗಾಗಿ ಹೇಳುತ್ತೇನೆ. ಫ್ರಾನ್ಸಿನ ಕಾಂತಾಲ್ ಜಿಲ್ಲೆಯ ಬೆಟ್ಟಗಳು ಹಳೆಯ ಜ್ವಾಲಾಮುಖಿಗಳು. ಈಗ ಮೇಲೆಲ್ಲ ಹುಲ್ಲು. ಅಲ್ಲಿ ಮೇಯುವುದು ಸಾಲೆರ್ಸ್ ತಳಿಯ ಹಸು. ಕಡುಗೆಂಪು ಮೈ, ಗುಂಗುರು ಕೂದಲು, ಉದ್ದ ಕೊಂಬು. ನಾವು ಹೋಗಿದ್ದು ಸಂಜೆ ಹಾಲು ಕರೆಯುವ ಹೊತ್ತಿಗೆ. ಕರುಗಳನ್ನೆಲ್ಲ ಒಂದು ಬೇಲಿಯೊಳಗೆ ಕೂಡಿದ್ದರು. ಅಜ್ಜ ಒಂದು ಹಸುವಿನ ಹೆಸರು ಕೂಗಿ ಅದರ ಕರುವನ್ನು ಮಾತ್ರ ಬಿಟ್ಟರು. ಅದು ಓಡಿಹೋಗಿ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯಿತು. ಸ್ವಲ್ಪ ಹೊತ್ತಿಗೆ ಅದನ್ನು ಎಳೆದು ತಾಯಿಯ ಮುಂಗಾಲಿಗೆ ಕಟ್ಟಿದರು, ಬೆನ್ನಿಗೆ ಒಂದು ಹಿಡಿ ಉಪ್ಪು ಸವರಿದರು. ತಾಯಿ ಆ ಉಪ್ಪು ನೆಕ್ಕುತ್ತಾ ನಿಂತಿತು, ಅಜ್ಜ ಕರೆಯಲು ಕೂತರು. ಕರು ಎದುರಿಗಿಲ್ಲದಿದ್ದರೆ ಈ ಹಸು ಹಾಲು ಕೊಡುವುದಿಲ್ಲ.

ನಮ್ಮ ಜೊತೆ ಶಿರಸಿ ಕಡೆಯ ಹಿರಿಯರೊಬ್ಬರಿದ್ದರು, ಮಗಳ ಮನೆಗೆ ಬಂದವರು. ಫ್ರೆಂಚ್ ಒಂದಕ್ಷರ ಬಾರದು. ಯಾರೂ ಕರೆಯದೇ ಹೋಗಿ ಮುಂದಿನ ಕರುವನ್ನು ಹಿಡಿದುಕೊಂಡರು. "ಸೊರ ಬಿಡ್ತು ನೋಡಿ" ಅಂದರು, ಹಸು ಹಾಲು ಇಳಿಸಿತು ಅಂತ. ಅಜ್ಜ ತಲೆಯಾಡಿಸಿದರು. ಕೊನೆಯ ಹಸುವಿನವರೆಗೂ ಇಬ್ಬರೂ ಸೇರಿಯೇ ಕೆಲಸ ಮಾಡಿದರು. ಮನೆಯ ಮಲೆನಾಡು ಗಿಡ್ಡ ಹಸುಗಳನ್ನು ಕೊಟ್ಟು ಎಷ್ಟೋ ಕಾಲವಾಯಿತು ಎಂದು ಅವರು ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದರು. ಆಮೇಲೆ ಲಿಯೋನ್ ಬರುವವರೆಗೂ ಮಾತಾಡಲಿಲ್ಲ.

ಈ ಅಜ್ಜನಿಗೆ ಬದಲಾಗು ಎನ್ನದವರೇ ಇಲ್ಲ. ಹೋಲ್‌ಸ್ಟೀನ್ ಕಟ್ಟು ಅನ್ನುತ್ತಾರೆ, ಊರಲ್ಲಿ ನಾವು ಎಚ್‌ಎಫ್ ಅನ್ನುವುದು ಅದನ್ನೇ. ಅದರ ಹಾಲಿನ ಮೂರರಲ್ಲಿ ಒಂದು ಪಾಲು ಕೂಡ ಸಾಲೆರ್ಸ್‌ನಿಂದ ಸಿಗುವುದು ಕಷ್ಟ. ಹಾಲು ಕರೆಯುವ ರೋಬಾಟ್ ಹಾಕಿಸು ಅನ್ನುತ್ತಾರೆ. ಅದೊಂದಕ್ಕೇ ಲಕ್ಷ ಯೂರೋ ದಾಟುತ್ತದೆ, ಕೊಟ್ಟಿಗೆಯ ಖರ್ಚು ಬೇರೆ. ಈ ತಳಿ ಸಾಕುವವರಲ್ಲೇ ಬಹುಪಾಲು ಜನ ಕರೆಯುವುದು ಬಿಟ್ಟು ಮಾಂಸಕ್ಕೆ ಕರು ಬೆಳೆಸುತ್ತಾರೆ. ಫ್ರಾನ್ಸಿನಿಂದ ಎಳೆಯ ಕರುಗಳು ಲಾರಿ ತುಂಬಿ ಇಟಲಿಗೆ ಹೋಗುತ್ತವೆ. ಅಜ್ಜ ಇದ್ಯಾವುದಕ್ಕೂ ಒಪ್ಪಿಲ್ಲ. "ಈ ವಯಸ್ಸಿಗೆ ಸಾಲ ಮಾಡಿದರೆ ಹಸು ಬ್ಯಾಂಕಿನದಾಗುತ್ತದೆ" ಅಂದರು. ಇದನ್ನು ಹಠ ಅನ್ನಲು ನನಗೆ ಮನಸ್ಸಿಲ್ಲ. ಲೆಕ್ಕ ಗೊತ್ತಿದ್ದವರ ಮಾತು ಅದು.

ಈ ಹಾಲಿನಿಂದ ಅಜ್ಜ ಮಾಡುವ ಚೀಸ್ ವಿಷಯದಲ್ಲಂತೂ ಕಾಲವೇ ಅವರ ಕಡೆ ಸಾಕ್ಷಿ ಹೇಳಿದೆ. ಕರೆದ ಹಾಲು ನೇರವಾಗಿ ಜೆರ್ಲ್ ಎಂಬ ಮರದ ತೊಟ್ಟಿಗೆ ಬೀಳುತ್ತದೆ. ಮರ ಕೊಳಕು, ಸ್ಟೀಲ್ ತನ್ನಿ ಎಂಬ ಒತ್ತಡ ಒಂದು ಕಾಲಕ್ಕೆ ಜೋರಾಗಿಯೇ ಇತ್ತು. ಆಮೇಲೆ ಸಂಶೋಧಕರು ಪರೀಕ್ಷೆ ಮಾಡಿದರು. ಮರದ ಒಳಮೈಯಲ್ಲಿ ಕೂತ ಒಳ್ಳೆಯ ಸೂಕ್ಷ್ಮಜೀವಿಗಳೇ ಹಾಲನ್ನು ಹದ ಮಾಡುತ್ತವೆ, ಲಿಸ್ಟೀರಿಯಾದಂಥ ಕೆಟ್ಟವಕ್ಕೆ ಜಾಗ ಬಿಡುವುದಿಲ್ಲ ಎಂದು ಗೊತ್ತಾಯಿತು. ಹಸು ಹುಲ್ಲು ಮೇಯುವ ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ ಮಾತ್ರ ಈ ಚೀಸ್ ಮಾಡಬಹುದು. 2022ರ ಬರಗಾಲದಲ್ಲಿ ಹುಲ್ಲೆಲ್ಲ ಒಣಗಿ, ಆಗಸ್ಟ್‌ನಲ್ಲಿ ಚೀಸ್ ಮಾಡುವುದನ್ನೇ ನಿಲ್ಲಿಸಬೇಕಾಯಿತು.

ಅಜ್ಜನನ್ನು ನಿಜವಾಗಿ ಸುಸ್ತು ಮಾಡಿರುವುದು ಕಾಗದಪತ್ರ. ಸಹಾಯಧನದ ಅರ್ಜಿಯನ್ನು ಪ್ರತಿವರ್ಷ ಟೆಲಿಪ್ಯಾಕ್ ಎಂಬ ಜಾಲತಾಣದಲ್ಲೇ ತುಂಬಬೇಕು. 2023ರಿಂದ ಉಪಗ್ರಹವೂ ಹುಲ್ಲುಗಾವಲು ನೋಡುತ್ತಿದೆ. ಅನುಮಾನ ಬಂದರೆ ರೈತನೇ ಫೋನ್ ಹಿಡಿದು ಫೋಟೋ ತೆಗೆದು ಕಳಿಸಬೇಕು. ಆ ಕಣಿವೆಯಲ್ಲಿ ನೆಟ್‌ವರ್ಕ್ ಎಲ್ಲಿದೆ? ಊರಲ್ಲಿ ಬೆಳೆ ಸಮೀಕ್ಷೆ ಆ್ಯಪ್ ಹಿಡಿದು ಗದ್ದೆ ಬದುವಿನಲ್ಲಿ ನಿಂತ ಅಪ್ಪಂದಿರು ನಮಗೂ ಇದ್ದಾರೆ. 2010ರಿಂದ 2020ರೊಳಗೆ ಫ್ರಾನ್ಸಿನಲ್ಲಿ ಸುಮಾರು ಒಂದು ಲಕ್ಷ ಕೃಷಿ ಮನೆಗಳು ಮುಚ್ಚಿದವು. ಉಳಿದ ಮನೆಗಳಲ್ಲಿ 2020ರ ಹೊತ್ತಿಗೆ 100 ಯಜಮಾನರಲ್ಲಿ 43 ಜನರಿಗೆ 55 ವರ್ಷ ಆಗಿತ್ತು ಇಲ್ಲವೇ ದಾಟಿತ್ತು. ಈ ಅಜ್ಜನ ಮಗ ಪಟ್ಟಣದಲ್ಲಿ ಕೆಲಸದಲ್ಲಿದ್ದಾನೆ, ಊರಿಗೆ ಬರುವ ಯೋಚನೆ ಇಲ್ಲ. ನಮಗ್ಯಾರಿಗೂ ಅವನನ್ನು ಬಯ್ಯುವ ಹಕ್ಕಿಲ್ಲ.

ಪುಟ್ಟಿಗೆ ಉತ್ತರ: ಪೂಜೆ ಇಲ್ಲ ಕಂದಾ, ಆದರೆ ಹಬ್ಬ ಇದೆ. ಮೇ ಕೊನೆಯಲ್ಲಿ ಅಲಾಂಶ್ ಊರಲ್ಲಿ ಹಸುಗಳಿಗೆ ಹೂವು, ಬಾವುಟ, ದೊಡ್ಡ ಗಂಟೆ ಕಟ್ಟಿ ಬೆಟ್ಟ ಹತ್ತಿಸುತ್ತಾರೆ. ಮುಂದಿನ ವರ್ಷ ಹೋಗೋಣ.

ಈಗ ಸೂಚನೆಗಳು, ಜಾಗ ಕಮ್ಮಿ. ದೀಪಾವಳಿ ಊಟಕ್ಕೆ ಹೋಳಿಗೆ ತಟ್ಟುವವರು ಇನ್ನೂ ಬೇಕು. ತಟ್ಟೆ, ಲೋಟ ಮನೆಯಿಂದಲೇ ತನ್ನಿ. ನವೆಂಬರ್ 1 ಇಲ್ಲಿ ತೂಸ್ಸೆಂ, ಅಂದರೆ ಕ್ರೈಸ್ತರ ಸಕಲ ಸಂತರ ಹಬ್ಬದ ರಜೆ, ಹಾಗಾಗಿ ರಾಜ್ಯೋತ್ಸವ ಅಂದೇ ಮಾಡುತ್ತೇವೆ. ಮಕ್ಕಳ ನಾಟಕದ ತಾಲೀಮು ಭಾನುವಾರ, ದಯವಿಟ್ಟು ತಪ್ಪಿಸಬೇಡಿ. ಅಜ್ಜನಿಂದ ಗಾಲಿಯಂತಿರುವ ಒಂದು ಇಡೀ ಚೀಸ್ ಒಟ್ಟಿಗೆ ತರಿಸುತ್ತಿದ್ದೇವೆ, ಸುಮಾರು 40 ಕೆಜಿ ತೂಗುತ್ತದೆ. ಬೇಕಾದವರು ಹೇಳಿ. ಹೆಪ್ಪು ಕರುವಿನ ಹೊಟ್ಟೆಯದು, ಸಸ್ಯಾಹಾರಿಗಳು ಗಮನಿಸಿ.

ಎರಡು ಕೆಲಸಕ್ಕೆ ಜನ ಬೇಕು. ಈ ಪತ್ರಿಕೆಯ ಪುಟ ಕಟ್ಟುವುದು ಒಬ್ಬರ ಕೈಯಲ್ಲಿ ಆಗುತ್ತಿಲ್ಲ. ಯುಗಾದಿ ಸಂಚಿಕೆಗೆ ಯಾರಾದರೂ ಜೊತೆಯಾಗದಿದ್ದರೆ ಅದು ಬರುವುದು ಕಷ್ಟ. ಇನ್ನೊಂದು, ಟೆಲಿಪ್ಯಾಕ್ ಅರ್ಜಿಯ ಸಮಯದಲ್ಲಿ ಅಜ್ಜನ ಜೊತೆ ಒಂದು ದಿನ ಕೂತು ತುಂಬಿಸಿಕೊಡುವವರು. ಕಂಪ್ಯೂಟರ್ ಕೆಲಸದವರೇ ನಮ್ಮಲ್ಲಿ ಜಾಸ್ತಿ. ಅಜ್ಜನನ್ನು ಕೇಳಿದ್ದೇನೆ, ಬನ್ನಿ ಅಂದಿದ್ದಾರೆ. ಫ್ರೆಂಚ್ ಚೆನ್ನಾಗಿ ಬರುವ ಇಬ್ಬರಾದರೂ ಹೆಸರು ಕೊಡಿ.