ಕಾಗದಗಳು ಮುಗಿದವು, ಭೂತಗನ್ನಡಿ ಇನ್ನೂ ನನ್ನ ಹತ್ತಿರವೇ ಇದೆ

ಹೋದ ಶನಿವಾರ ರಾತ್ರಿ ಕೊನೆಯ ಕಾಗದ ಟೈಪ್ ಮಾಡಿ ಕಳಿಸಿದೆ. ಎರಡು ವರ್ಷದ ಕೆಲಸ. ಅಮೆರಿಕದ ಅಂತರ್ಯುದ್ಧಕ್ಕೆ ಪೆನ್ಸಿಲ್ವೇನಿಯಾದ ಹಳ್ಳಿಗಳಿಂದ ತಾವಾಗಿ ಹೆಸರು ಬರೆಸಿ ಹೋದ ಕಾಲಾಳುಗಳು ಮನೆಗೆ ಬರೆದ ಕಾಗದಗಳನ್ನು ಓದಿ, ಒಂದಕ್ಷರ ತಿದ್ದದೆ ಟೈಪ್ ಮಾಡಿಕೊಡುವುದು. ಸಂಬಳವಿಲ್ಲ. ಅವರೂ ವಾಲಂಟಿಯರ್, ನಾನೂ ವಾಲಂಟಿಯರ್. ಅವರಿಗಾದರೂ ತಿಂಗಳಿಗೆ 13 ಡಾಲರ್ ಇತ್ತು, ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು ಅನ್ನಿ.

ಶುರು ಮಾಡಿದಾಗ ಕೆಲಸ ಹೋಗಿತ್ತು. ಹನ್ನೊಂದು ವರ್ಷ ದುಡಿದ ಕಂಪನಿ ಒಂದು ಬೆಳಿಗ್ಗೆ ಹತ್ತು ನಿಮಿಷದ ವಿಡಿಯೋ ಕಾಲ್‌ನಲ್ಲಿ ಲೆಕ್ಕ ಚುಕ್ತಾ ಮಾಡಿತು. ಗೋಡೆ ನೋಡಿಕೊಂಡು ಕೂತಿದ್ದವನನ್ನು ಲೈಬ್ರರಿಗೆ ಎಳೆದುಕೊಂಡು ಹೋದವಳು ಹೆಂಡತಿ. ಮೊದಲ ಥ್ಯಾಂಕ್ಸ್ ಅವಳಿಗೆ.

ಆಮೇಲೆ ಲೈಬ್ರರಿಯ ಆ ಹಿರಿಯಾಕೆಗೆ. ಮೊದಲ ವಾರ ನನಗೆ ಒಂದು ಸಾಲೂ ಹತ್ತಲಿಲ್ಲ. ಕಾಗುಣಿತ ಅವರವರ ಇಷ್ಟ, ಪೂರ್ಣವಿರಾಮವೇ ಇಲ್ಲ, ಕಾಗದದ ಕೊರತೆಗೆ ಬರೆದ ಸಾಲಿನ ಮೇಲೆಯೇ ಅಡ್ಡಡ್ಡ ಬರೆದಿದ್ದಾರೆ. ಆಕೆ ಹೇಳಿದ್ದು ಇಷ್ಟೇ: ಕಣ್ಣಲ್ಲಿ ಓದಬೇಡ, ಬಾಯಿಬಿಟ್ಟು ಓದು. ಕಿವಿಗೆ ಕೇಳಿದ ಹಾಗೆ ಬರೆದಿದ್ದಾರೆ, ಕಿವಿಗೇ ಅರ್ಥವಾಗುತ್ತೆ. ಹಾಗೇ ಆಯಿತು. ಬಹಳಷ್ಟು ಕಾಗದಗಳ ಮೊದಲ ಸಾಲು ಒಂದೇ: ಲೇಖನಿ ಹಿಡಿದು ತಿಳಿಸುವುದೇನೆಂದರೆ ನಾನು ಕ್ಷೇಮ, ಈ ನಾಲ್ಕು ಸಾಲು ತಲುಪುವಾಗ ನೀವೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ‘ಅಯ್ಯೋ, ಇದು ನಿಮ್ಮ ತಾತ ಬರೀತಿದ್ದ ಉಭಯಕುಶಲೋಪರಿ ಕಣೋ’ ಅಂದರು. ಅವತ್ತಿಂದ ಅಮ್ಮ ಈ ಕೆಲಸದಲ್ಲಿ ಪಾಲುದಾರರು.

ಇನ್ನು ನಮ್ಮ ಕನ್ನಡ ಕೂಟದವರು. ತಿಂಗಳಿಗೊಂದು ಸಂಜೆ ನಾನು ಓದಿದ್ದನ್ನು ಹೇಳುತ್ತೇನೆಂದಾಗ ಕಾಫಿ ಕಾಯಿಸಿ, ಕುರ್ಚಿ ಹಾಕಿ ಕೂತು ಕೇಳಿದಿರಿ. ಮೊದಲ ಸಂಜೆ ನಾನು ಭಾರಿ ಪೀಠಿಕೆ ಹಾಕಿದ್ದೆ. 1861ರ ಏಪ್ರಿಲ್‌ನಲ್ಲಿ ಬೇರೆಯಾಗಹೊರಟ ದಕ್ಷಿಣದ ರಾಜ್ಯಗಳವರಿಂದ ಸಮ್ಟರ್ ಕೋಟೆಯ ಮೇಲೆ ಗುಂಡು ಬಿತ್ತು, ಅಧ್ಯಕ್ಷ ಲಿಂಕನ್ ಮೂರು ತಿಂಗಳ ಮಟ್ಟಿಗೆ 75,000 ಜನರನ್ನು ಸೇನೆಗೆ ಕರೆದರು, ಅದು ನಾಲ್ಕು ವರ್ಷವಾಯಿತು, ಹೀಗೆ. ಮಗಳ ಮನೆಗೆಂದು ಬಂದಿದ್ದ ಹಾಸನದ ಕಡೆಯ ನಿವೃತ್ತ ಸುಬೇದಾರರೊಬ್ಬರು ಹಿಂದಿನ ಸಾಲಿನಿಂದ ಕೇಳಿದರು: ‘ಅದಿರ್ಲಿ ಸ್ವಾಮಿ, ಅವ್ರು ಏನ್ ಉಂಡ್ರು? ಕಾಲಿಗೇನ್ ಹಾಕಿದ್ರು?’

ನನ್ನ ಹತ್ತಿರ ಉತ್ತರವಿರಲಿಲ್ಲ. ಕಾಗದಗಳಲ್ಲಿತ್ತು, ನಾನೇ ಹಾರಿಸಿಕೊಂಡು ಹೋಗಿದ್ದೆ. ಮತ್ತೆ ಮೊದಲಿನಿಂದ ಓದಿದೆ. ತಿಂದದ್ದು ಹಾರ್ಡ್‌ಟ್ಯಾಕ್ ಎಂಬ ಕಲ್ಲಿನಂಥ ಬಿಸ್ಕತ್ತು. ಬಿಸಿ ಕಾಫಿಯಲ್ಲಿ ಅದ್ದಿದರೆ ಹುಳ ಮೇಲೆ ತೇಲುತ್ತವೆ, ಅವನ್ನು ತೆಗೆದೆಸೆದು ಉಳಿದದ್ದನ್ನು ತಿನ್ನುವುದು. ಕಾಫಿ ಬೀಜವನ್ನು ಬಂದೂಕಿನ ಹಿಡಿಯಿಂದ ಕುಟ್ಟಿಕೊಳ್ಳುತ್ತಿದ್ದರು. ಮನೆಯಿಂದ ಕೇಳಿದ್ದು ಕಾಲುಚೀಲ, ಅಂಚೆಚೀಟಿ. ಇನ್ನೊಂದು ಸಂಗತಿಯನ್ನು ಸುಬೇದಾರರು ನಾನು ಹೇಳುವ ಮೊದಲೇ ಊಹಿಸಿದ್ದರು: ಸತ್ತವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗುಂಡಿಗಲ್ಲ, ಭೇದಿ, ಟೈಫಾಯಿಡ್, ದಡಾರಕ್ಕೆ. ಒಂಟಿ ಹೊಲಮನೆಗಳಲ್ಲಿ ಬೆಳೆದ ಹುಡುಗರಿಗೆ ದಡಾರ ಮೊದಲು ಬಂದದ್ದೇ ಸೇನೆಯ ಡೇರೆಯಲ್ಲಿ. ಸೇನೆಯ ಒಂದೊಂದು ಕಂಪನಿಯೂ, ಅಂದರೆ ತುಕಡಿಯೂ, ಹೆಚ್ಚಾಗಿ ಒಂದೇ ಊರ ಸುತ್ತಿನವರದ್ದು. ಅಣ್ಣತಮ್ಮಂದಿರು, ಭಾವಮೈದುನರು, ಶಾಲೆಯ ಮೇಷ್ಟ್ರು ಎಲ್ಲ ಒಂದೇ ಸಾಲಲ್ಲಿ. ಒಂದು ಕೆಟ್ಟ ಮಧ್ಯಾಹ್ನ ಸಾಕು, ಇಡೀ ಊರಿಗೆ ಸೂತಕ.

ಸಂಬಳದ ಮಾತು ಬಂದಾಗ ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟಿನ ಕಪ್ಪು ಸೈನಿಕರ ಬಗ್ಗೆ ಹೇಳಿದ್ದೆ, ನೆನಪಿರಬಹುದು. 13ರ ಬದಲು 10 ಡಾಲರ್, ಅದರಲ್ಲೂ 3 ಬಟ್ಟೆಗೆ ಮುರಿದುಕೊಂಡು ಕೊಡಲು ಹೋದರು. ಅವರು ಒಂದು ಕಾಸೂ ಮುಟ್ಟದೆ ಯುದ್ಧ ಮಾಡಿದರು. 1864ರ ಜೂನ್‌ನಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಸಮಾನ ವೇತನ ಒಪ್ಪಿತು. ಅವತ್ತು ನಮ್ಮ ಸುಬೇದಾರರು ಚಪ್ಪಾಳೆ ತಟ್ಟಿದರು, ಒಬ್ಬರೇ.

ಅಮ್ಮನಿಗೆ ಹಿಡಿಸಿದ್ದು ಬೇರೆ ಕತೆ. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕದನದಲ್ಲಿ ಸತ್ತ ಸೈನಿಕನೊಬ್ಬನ ಹತ್ತಿರ ಮೂರು ಮಕ್ಕಳ ಗಾಜಿನ ಫೋಟೋ ಸಿಕ್ಕಿತು. ಹೆಸರಿಲ್ಲ, ಆಗ ಸೇನೆ ಗುರುತಿನ ಬಿಲ್ಲೆ ಕೊಡುತ್ತಿರಲಿಲ್ಲ. ಪತ್ರಿಕೆಯಲ್ಲಿ ಫೋಟೋ ಅಚ್ಚುಹಾಕುವ ತಂತ್ರವೂ ಇರಲಿಲ್ಲವಾದ್ದರಿಂದ ಅದನ್ನು ಮಾತಿನಲ್ಲೇ ವರ್ಣಿಸಿ ಪ್ರಕಟಿಸಿದರು: ಚಿಕ್ಕವನು ಎತ್ತರದ ಕುರ್ಚಿಯಲ್ಲಿ ಕೂತಿದ್ದಾನೆ, ದೊಡ್ಡ ಹುಡುಗನ ಅಂಗಿ, ಹುಡುಗಿಯ ಫ್ರಾಕು ಒಂದೇ ಬಟ್ಟೆಯದು. ಅದನ್ನು ಓದಿ ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್‌ನ ಫಿಲಿಂಡಾ ಹ್ಯೂಮಿಸ್ಟನ್‌ಗೆ ತನ್ನ ಗಂಡ ಏಮಸ್ ಇನ್ನಿಲ್ಲವೆಂದು ತಿಳಿಯಿತು. ಅವನು 154ನೇ ನ್ಯೂಯಾರ್ಕ್ ರೆಜಿಮೆಂಟಿನ ಸಾರ್ಜೆಂಟ್. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದೇ ತಾನಿನ ಬಟ್ಟೆ. ನಿನಗೂ ಅಕ್ಕನಿಗೂ ದೀಪಾವಳಿಗೆ ಹಾಗೇ ಹೊಲಿಸ್ತಿದ್ದೆ’ ಅಂದರು.

ಅಕ್ಟೋಬರಿನಲ್ಲಿ ಹದಿನಾಲ್ಕು ಜನ ಮೂರು ಕಾರಿನಲ್ಲಿ ಗೆಟಿಸ್‌ಬರ್ಗಿಗೆ ಹೋದದ್ದಕ್ಕೆ, ಬುತ್ತಿಗೆ ಪುಳಿಯೋಗರೆ ಕಟ್ಟಿಕೊಂಡು ಬಂದವರಿಗೆ, ಏಮಸ್‌ನ ಸಮಾಧಿ ಹುಡುಕಿಕೊಟ್ಟ ಮಕ್ಕಳಿಗೆ ಥ್ಯಾಂಕ್ಸ್. ಹೆಸರಿಲ್ಲದವರ ಸಾಲಿನಲ್ಲಿ ಬರೀ ನಂಬರ್ ಕೆತ್ತಿದ ಪುಟ್ಟ ಕಲ್ಲುಗಳಿವೆ. ಸುಬೇದಾರರು ಒಂದೊಂದರ ಮುಂದೆಯೂ ನಿಲ್ಲುತ್ತಾ ಹೋದರು. ನಮಗೆ ಊಟಕ್ಕೆ ಹೊತ್ತಾಯಿತು, ಯಾರೂ ಕರೆಯಲಿಲ್ಲ.

ಈಗ ನನಗೆ ಬೇರೆ ಕೆಲಸ ಸಿಕ್ಕಿದೆ, ಸಂಬಳ ಮೊದಲಿಗಿಂತ ಕಮ್ಮಿ, ಪರವಾಗಿಲ್ಲ.

ಸುಬೇದಾರರೇ, ಊರಿಗೆ ಹೊರಡುವ ಮುನ್ನ ‘ಅಕ್ಷರ ಸಣ್ಣದಿದೆ, ಇಟ್ಕೊಳ್ಳಿ’ ಅಂತ ಕೊಟ್ಟುಹೋದ ನಿಮ್ಮ ಭೂತಗನ್ನಡಿಯಲ್ಲೇ ಕೊನೆಯ ನಲವತ್ತು ಕಾಗದ ಓದಿದ್ದು. ಅದನ್ನು ಪಾರ್ಸೆಲ್ ಮಾಡುವುದಿಲ್ಲ. ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ, ಮನೆಗೇ ಬಂದು ಕೊಡುತ್ತೇನೆ. ಅಮ್ಮನೂ ಬರುತ್ತಾರಂತೆ.