ಹಡಗಿಗೆ ದುಡ್ಡು ಸರಿ, ವೆಲ್ಡರ್ ಎಲ್ಲಿ?

ಮಾನ್ಯರೇ,

ಚೀನಾದ ಯುದ್ಧನೌಕೆಗಳ ಸಂಖ್ಯೆ ಅಮೆರಿಕವನ್ನು ದಾಟಿದೆ ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ಭದ್ರಾವತಿಯ ಹೋಟೆಲ್‌ಗಳಲ್ಲೂ ಬಿಸಿಬಿಸಿ ಚರ್ಚೆ. ಘಟ್ಟದ ಮೇಲಿನವರಿಗೆ ಸಮುದ್ರದ ಉಸಾಬರಿ ಯಾಕೆ ಅನ್ನಬೇಡಿ, ಕಬ್ಬಿಣದ ಊರು ನಮ್ಮದು! ಆದರೆ ಹಡಗು ಎಣಿಸಿದರೆ ಸಾಲದು, ಕಟ್ಟುವ ಕೈಗಳನ್ನೂ ಎಣಿಸಬೇಕು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ‘ಲಿಬರ್ಟಿ’ ಎಂಬ ಮಾದರಿಯ 2,710 ಸರಕು ಹಡಗು ಕಟ್ಟಿತು. ಒಂದನ್ನಂತೂ ಐದು ದಿನದೊಳಗೆ ನೀರಿಗಿಳಿಸಿತು. ಇವತ್ತು ಜಗತ್ತಿನಲ್ಲಿ ತಯಾರಾಗುವ ವಾಣಿಜ್ಯ ಹಡಗುಗಳಲ್ಲಿ, ಟನ್ ಲೆಕ್ಕದಲ್ಲಿ, ಅರ್ಧಕ್ಕಿಂತ ಜಾಸ್ತಿ ಚೀನಾದ್ದು. ಅಮೆರಿಕದ ಪಾಲು ಶೇ 1 ಕೂಡ ಇಲ್ಲ. ಅಲ್ಲಿನ ಫಿಲಡೆಲ್ಫಿಯಾದ ಹಡಗು ಕಟ್ಟುವ ಯಾರ್ಡನ್ನು 2024ರಲ್ಲಿ ದಕ್ಷಿಣ ಕೊರಿಯಾದ ಹನ್ವಾ ಕಂಪನಿ ಕೊಂಡುಕೊಂಡಿತು. ಸರಕು ಹಡಗಿನ ಕೆಲಸ ನಿಂತರೆ ವೆಲ್ಡರ್, ಫಿಟ್ಟರ್‌ಗಳು ಬೇರೆ ದಾರಿ ಹಿಡಿಯುತ್ತಾರೆ. ಆಮೇಲೆ ಯುದ್ಧನೌಕೆಗೆ ಎಷ್ಟು ಡಾಲರ್ ಸುರಿದರೂ ಕೆಲಸ ಎಳೆಯುತ್ತದೆ, ಅಷ್ಟೇ ಅಲ್ವಾ?

ಹಡಗಿನ ದಪ್ಪ ಪ್ಲೇಟಿನ ಬೆಸುಗೆ ಎಕ್ಸ್‌ರೇಯಲ್ಲಿ ಪಾಸಾಗಬೇಕು. ಒಳಗೊಂದು ಗಾಳಿಗುಳ್ಳೆ ಕಂಡರೂ ಕೆತ್ತಿ ತೆಗೆದು ಮತ್ತೆ ಮಾಡಿಸಬಹುದು. ಗೇಟು, ಗ್ರಿಲ್ಲು ಮಾಡುವವರು ವಾರದಲ್ಲಿ ಕಲಿಯುವ ಕೆಲಸ ಅಲ್ಲ ಅದು.

ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಹಡಗು ನಿರ್ಮಾಣಕ್ಕೆ 69,725 ಕೋಟಿ ರೂಪಾಯಿ ಘೋಷಿಸಿದೆ. ಒಳ್ಳೆಯದೇ. ಆಗುಂಬೆ ಘಾಟಿ ಇಳಿದರೆ ಮಲ್ಪೆಯಲ್ಲೇ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ. ಶಿವಮೊಗ್ಗ ಜಿಲ್ಲೆಯ ಐಟಿಐಗಳಲ್ಲಿ ಹಡಗಿನ ಬೆಸುಗೆ ಕಲಿಸಿ, ಹುಡುಗರನ್ನು ಅಲ್ಲಿಗೆ ಅಪ್ರೆಂಟಿಸ್‌ಗೆ ಕಳಿಸುವ ಬಗ್ಗೆ ನಮ್ಮ ಸಂಸದರು, ಶಾಸಕರು ಮಾತಾಡಲಿ.

– ಒಬ್ಬ ಓದುಗ, ಭದ್ರಾವತಿ